ಹಿಂದಿರುಗಿ ನೋಡದ ಪಾಳೆಯಗಾರ

ರಜೆಯಲ್ಲಿ ಮಕ್ಕಳು ರಾಜನ ಕಥೆ ಹೇಳು ಅಂತ ಸೆರಗು ಹಿಡಿದರೆ, ಈ ಸಲ ರಾಜನನ್ನು ಬಿಟ್ಟು ಒಬ್ಬ ಪಾಳೆಯಗಾರನ ಕಥೆ ಹೇಳಿ ನೋಡಿ. ಫ್ರಾನ್ಸ್ ದೇಶದ ಷಾಂಪೇನ್ ಸೀಮೆಯವನು, ಹೆಸರು ಜಾನ್. ಜ್ವಾನ್‌ವಿಲ್ ಅವನ ಊರು. ಅಲ್ಲೊಂದು ಕೋಟೆ, ಸುತ್ತ ಹಳ್ಳಿಗಳು. ಹಳ್ಳಿಯವರು ಉತ್ತು ಬಿತ್ತು ಕಂದಾಯ ಕೊಡಬೇಕು. ಇವನು ಅವರನ್ನು ಕಾಯಬೇಕು.

1248ರಲ್ಲಿ ದೊರೆ ಒಂಬತ್ತನೆಯ ಲೂಯಿ ಜೆರೂಸಲೇಮಿಗಾಗಿ ಧರ್ಮಯುದ್ಧಕ್ಕೆ ಹೊರಟ. ಜಾನ್ ಕೂಡ ಹೊರಟ. ವಯಸ್ಸು ಇಪ್ಪತ್ನಾಲ್ಕರ ಆಸುಪಾಸು. ಖರ್ಚಿಗೆಂದು ಜಮೀನಿನ ಬಹುಪಾಲು ಅಡವಿಟ್ಟ. ಅದೇ ಈಸ್ಟರ್ ಹಬ್ಬದ ಹೊತ್ತಿಗೆ ಎರಡನೆಯ ಗಂಡುಮಗು ಹುಟ್ಟಿತ್ತು. ಒಂದು ವಾರ ಊಟ, ಹಾಡು. ಶುಕ್ರವಾರ ತನ್ನ ಜನರನ್ನು ಕೂರಿಸಿ, ತಿರುಗಿ ಬರುತ್ತೇನೋ ಇಲ್ಲವೋ, ಯಾರಿಗಾದರೂ ಅನ್ಯಾಯ ಮಾಡಿದ್ದರೆ ಹೇಳಿ, ಸರಿಮಾಡಿ ಹೋಗುತ್ತೇನೆ ಅಂದ. ಎದುರಿಗಿದ್ದರೆ ಅವರು ಬಾಯಿ ಬಿಡುತ್ತಾರೆಯೇ? ಅದಕ್ಕೇ ತಾನು ಎದ್ದು ಹೊರಗೆ ಹೋದ. ಅವರು ತೀರ್ಮಾನಿಸಿದ್ದನ್ನು ಒಪ್ಪಿಕೊಂಡ.

ಆಮೇಲೆ ಬರಿಗಾಲಲ್ಲಿ ಸುತ್ತಲಿನ ಪುಣ್ಯಸ್ಥಳಗಳಿಗೆ ನಡೆದ. ಹೋಗುವಾಗ ಕೋಟೆಯ ಕಡೆ ಒಮ್ಮೆಯೂ ತಿರುಗಿ ನೋಡಲಿಲ್ಲವಂತೆ. ನೋಡಿದರೆ ಆ ಕೋಟೆ, ಆ ಇಬ್ಬರು ಮಕ್ಕಳನ್ನು ನೆನೆದು ಎದೆ ಕರಗೀತೆಂಬ ಭಯ. ಇದನ್ನು ಮುಂದೆ ಅವನೇ ಬರೆದಿಟ್ಟಿದ್ದಾನೆ. ಬಾಣಂತಿ ಹೆಂಡತಿಯ ಸುದ್ದಿ ಮಾತ್ರ ಆ ವಾಕ್ಯದಲ್ಲಿಲ್ಲ, ಗಮನಿಸಿದಿರಾ!

ಹಡಗು ಹತ್ತಿ ಈಜಿಪ್ಟಿಗೆ ಹೋದರು. ಅಲ್ಲಿಯ ಒಂದು ಮಾತು ನಮ್ಮ ಅಡಿಗೆಮನೆಗೆ ಸೇರಿದ್ದು. ನೈಲ್ ನದಿಗೆ ಸಂಜೆ ಬಲೆ ಹಾಕಿದರೆ ಬೆಳಿಗ್ಗೆ ಶುಂಠಿ, ದಾಲ್ಚಿನ್ನಿ ಸಿಗುತ್ತೆ, ಅವು ಸ್ವರ್ಗದ ಮರಗಳಿಂದ ಉದುರಿ ತೇಲಿಬರುತ್ತವೆ ಅಂತ ಅಲ್ಲಿ ಕೇಳಿ ಬರೆದಿದ್ದಾನೆ. ಪಾಪ, ಶುಂಠಿ ನಮ್ಮ ಪಶ್ಚಿಮ ಕರಾವಳಿಯಿಂದ ಹಡಗಿನಲ್ಲಿ ಹೋಗುತ್ತಿತ್ತು ಅಂತ ಅವನಿಗೇನು ಗೊತ್ತು! ಮಕ್ಕಳು ಇಲ್ಲಿ ನಗುತ್ತಾರೆ, ನಗಲಿ. ಮುಂದಿನದು ನಗುವ ಕಥೆಯಲ್ಲ.

1250ರ ಫೆಬ್ರವರಿಯಲ್ಲಿ ಮನ್ಸೂರಾ ಎಂಬಲ್ಲಿ ಘೋರ ಯುದ್ಧ. ಜಾನ್‌ಗೆ ಐದು ಕಡೆ ಬಾಣ ತಾಗಿತು, ಕುದುರೆಗೆ ಹದಿನೈದು ಕಡೆ. ಆಮೇಲೆ ದಂಡಿಗೆಲ್ಲ ರೋಗ. ಒಸಡು ಕೊಳೆತು, ಕ್ಷೌರಿಕರು ಆ ಮಾಂಸ ಕತ್ತರಿಸಿ ತೆಗೆದರೇ ಅನ್ನ ನುಂಗಲು ಆಗುತ್ತಿದ್ದುದು. ದೊರೆಯೂ ಇವನೂ ಸೆರೆಯಾದರು. ಭಾರೀ ಹಣ ತೆತ್ತು ಬಿಡುಗಡೆಯಾದ ಮೇಲೂ ದೊರೆ ಆ ಕಡೆಯೇ ಉಳಿದ, ಇವನೂ ಉಳಿದ. ಊರು ಸೇರಿದ್ದು 1254ರಲ್ಲಿ. ತೊಟ್ಟಿಲ ಕೂಸಿಗೆ ಆರು ವರ್ಷ!

1267ರಲ್ಲಿ ದೊರೆ ಮತ್ತೆ ಯುದ್ಧಕ್ಕೆ ಹೊರಡಲು ನಿಶ್ಚಯಿಸಿ, ನೀನೂ ಬಾ ಅಂತ ಒತ್ತಾಯ ಮಾಡಿದ. ಜಾನ್ ಬರುವುದಿಲ್ಲ ಅಂದ. ನಾನು ಅಲ್ಲಿದ್ದಾಗ ಅಧಿಕಾರಿಗಳು ನನ್ನ ಜನರನ್ನು ಸುಲಿದು ಬಡವರನ್ನಾಗಿ ಮಾಡಿದರು. ದೇವರು ಮೆಚ್ಚಬೇಕಾದರೆ ಇಲ್ಲೇ ಇದ್ದು ಅವರನ್ನು ಕಾಯಬೇಕು ಅಂತ ಅವನ ವಾದ. ಹೆದರಿದನಾ ಅಂತ ಮಕ್ಕಳು ಕೇಳಿಯೇ ಕೇಳುತ್ತಾರೆ. ಐದು ಬಾಣ ತಿಂದವನು ಅನ್ನಿ. ಪ್ರೀತಿಯ ದೊರೆಗೆ ಎದುರಾಗಿ ಇಲ್ಲ ಅನ್ನುವುದು ಬಾಣಕ್ಕಿಂತ ಕಷ್ಟ ಅಂತ ನನಗನಿಸುತ್ತೆ.

ಹೊರಡುವ ಮೊದಲೇ ದೊರೆ ಎಷ್ಟು ನಿತ್ರಾಣನಾಗಿದ್ದನೆಂದರೆ, ಪ್ಯಾರಿಸ್ಸಿನಲ್ಲಿ ಒಂದು ಮನೆಯಿಂದ ಮಠದವರೆಗೆ ಅವನನ್ನು ಜಾನ್ ತೋಳಲ್ಲಿ ಎತ್ತಿಕೊಂಡು ಹೋಗಿದ್ದ. 1270ರ ಆಗಸ್ಟ್ 25ರಂದು ಟ್ಯುನಿಸ್ ಬಳಿ ದೊರೆ ರೋಗದಿಂದ ತೀರಿಹೋದ. ಜಾನ್ ಊರಲ್ಲೇ ಉಳಿದು ಮುದುಕನಾದ. ರಾಣಿಯೊಬ್ಬಳು ಕೇಳಿದ್ದಳೆಂದು ದೊರೆಯ ಕಥೆಯನ್ನು ಪುಸ್ತಕ ಮಾಡಿ 1309ರಲ್ಲಿ ಮುಗಿಸಿದ. ಆಗ ಅವನಿಗೆ ಎಂಬತ್ತು ದಾಟಿತ್ತು. ಅಂದು ತಿರುಗಿ ನೋಡದ ಕೋಟೆಯ ಮಾತು ಇರುವುದು ಅದರಲ್ಲೇ.