ಜೊಂಡಿನೊಳಗಿನ ಅಪ್ಪ

ಹೋದ ಮಳೆಗಾಲ ದೇವದುರ್ಗ ಕಡೆಯ ಹಳ್ಳದಾಗ ಗಾಳ ಹಾಕಿ ಕುಂತಿದ್ದೆ. ದಂಡೆಯ ಜೊಂಡಿನ ನಡುವೆ ತಟ್ಟೆಯಷ್ಟು ಜಾಗ ಖಾಲಿ. ಅಲ್ಲಿ ಕೆಂಪನೆಯ ಮರಿಗಳ ಗುಂಪು. ‘ಗಾಳ ತೆಗಿಯೋ, ಕೆಳಗ ಅವರಪ್ಪ ಕುಂತಾನ’ ಅಂದ್ರು ಮಾನ್ವಿಯ ಮಾವ.

ಕೊರಮೀನು ಆಳವಿಲ್ಲದ ದಂಡೆಯಲ್ಲಿ ಕಳೆ ಸರಿಸಿ ಗೂಡು ಮಾಡ್ತದೆ. ತೇಲುವ ಮೊಟ್ಟೆ, ಆಮೇಲೆ ಮರಿ, ಎರಡನ್ನೂ ಕಾಯ್ತದೆ. ಕಾಯೋ ಮೀನನ್ನ ಹಿಡಿದರೆ ಮರಿಗಳು ಬೇರೆ ಮೀನುಗಳ ಪಾಲು.

ಈ ಸಲ ಹೋದರೆ ಜೆಸಿಬಿ ಜೊಂಡನ್ನೆಲ್ಲ ಬಳಿದು ದಂಡೆ ಕಡಿದು ಮಾಡಿತ್ತು. ನೀರೇನೋ ಇತ್ತು. ಜಿಲೇಬಿ ಮೀನಾದರೆ ತಳದ ಮಣ್ಣಲ್ಲಿ ಗುಂಡಿ ತೋಡಿಕೊಳ್ತದೆ, ಹೆಣ್ಣು ಮೊಟ್ಟೆಗಳನ್ನ ಬಾಯಲ್ಲೇ ಇಟ್ಟುಕೊಳ್ತದೆ. ಕೊರಮೀನಿಗೆ ಜೊಂಡೇ ಬೇಕು. ರಾಯಚೂರಲ್ಲಿ ಬಾಡಿಗೆ ಮನೆ ಸಿಗದೆ ಮದುವೆ ಮುಂದೂಡಿದವನು ನಾನು, ನನಗೆ ತಿಳೀತದೆ ಬಿಡ್ರಿ.

ಮೂರು ಸಂಜೆ ಕಾದೆ. ಕೆಂಪು ಗುಂಪು ಕಾಣಲಿಲ್ಲ.