ತುಪ್ಪ ಬೇಡ, ಮಜ್ಜಿಗೆಯೂ ಬೇಡ

ಶುದ್ಧ ಸಸ್ಯಾಹಾರಕ್ಕೆ ದೇಶದಲ್ಲೆಲ್ಲ ಇನ್ನೊಂದು ಹೆಸರು ಉಡುಪಿ. 1920ರ ದಶಕದಲ್ಲಿ ಮದರಾಸಿಗೆ ಹೋಗಿ ಹೋಟೆಲ್ ತೆರೆದ ಕೆ. ಕೃಷ್ಣರಾಯರಂಥವರಿಂದಾಗಿ ಈ ಊರಿನ ಹೆಸರು ಇಡ್ಲಿ-ದೋಸೆಗೆ ಅಂಟಿಕೊಂಡಿತು. ಉಡುಪಿಗೆ ಬಂದು ಸಸ್ಯಾಹಾರಿಯೊಬ್ಬ ಹಸಿದು ಹೋದ ಎಂದರೆ ಯಾರೂ ನಂಬುವುದಿಲ್ಲ. ಆದರೆ ಮೀನು, ಮಾಂಸ, ಮೊಟ್ಟೆಯ ಜೊತೆಗೆ ಹಾಲನ್ನೂ ಬಿಟ್ಟವರು ಬಂದರೆ? ಅವರ ಕಿಸೆಯೂ ಅಷ್ಟೇನೂ ತುಂಬಿಲ್ಲದಿದ್ದರೆ?

ಒಬ್ಬ ತಾಯಿ ಎಂಟು ವರ್ಷದ ಮಗನನ್ನು ಕರೆದುಕೊಂಡು ಕೊಂಕಣ ರೈಲಿನಲ್ಲಿ ಬಂದು ಇನ್ನಂಜೆಯಲ್ಲಿ ಇಳಿದಳು ಎಂದಿಟ್ಟುಕೊಳ್ಳಿ. ಎಲ್ಲ ರೈಲುಗಳೂ ನಿಲ್ಲುವ ನಿಲ್ದಾಣ ಅದಲ್ಲ. ಉಳಿದುಕೊಳ್ಳಲು ಅಲ್ಲೇ ಆಕೆಯ ದೊಡ್ಡಮ್ಮನ ಮನೆಯಿದೆ. ಮೂರು ದಿನದಲ್ಲಿ ಮಠ, ಮಲ್ಪೆಯ ಕಡಲು, ಕಾಪುವಿನ ದೀಪಸ್ತಂಭ ನೋಡಿ ಹೊರಡಬೇಕು. ಹುಡುಗನಿಗೆ ಹಾಲು ಒಗ್ಗುವುದಿಲ್ಲ. ಸ್ವಲ್ಪ ಹೊಟ್ಟೆಗೆ ಹೋದರೂ ಮೈಯೆಲ್ಲ ದದ್ದು, ಉಸಿರಿಗೂ ತೊಂದರೆ. ಮಗನಿಗೆ ಬೇಡದ್ದು ತನಗೂ ಬೇಡ ಎಂದು ತಾಯಿಯೂ ಬಿಟ್ಟಿದ್ದಾಳೆ. ಪ್ರಾಣಿಗಳಿಂದ ಬಂದ ಯಾವುದನ್ನೂ ತಿನ್ನಬಾರದೆಂಬ ತತ್ವದಿಂದ ಹಾಲು ಬಿಟ್ಟವರನ್ನು ವೀಗನ್ ಎನ್ನುತ್ತಾರೆ. ಇಂಗ್ಲೆಂಡಿನಲ್ಲಿ 1944ರಲ್ಲಿ ಡೊನಾಲ್ಡ್ ವಾಟ್ಸನ್ ಮತ್ತು ಗೆಳೆಯರು ಹುಟ್ಟಿಸಿದ ಪದ ಅದು. ತತ್ವವೋ ದದ್ದೋ, ಹೋಟೆಲಿನ ಮೇಜಿನ ಮುಂದೆ ಇಬ್ಬರ ಪಾಡೂ ಒಂದೇ.

ರಥಬೀದಿಯ ಹತ್ತಿರದ ಒಂದು ಹೋಟೆಲಿನಲ್ಲಿ ಬಿಸಿ ಬಿಸಿ ಗೋಳಿಬಜೆ ಬರುತ್ತದೆ. ಹುಡುಗ ಕೈ ಚಾಚುವ ಮೊದಲು ತಾಯಿ ಕೇಳುತ್ತಾಳೆ, "ಇದಕ್ಕೆ ಹಾಲು ಹಾಕಿದ್ದೀರಾ?"

"ಹಾಲು ಎಂತಕ್ಕೆ ಹಾಕುದು? ಇಲ್ಲ, ಇಲ್ಲ."

"ಮೊಸರು?"

"ಹುಳಿ ಮೊಸರು ಉಂಟಲ್ಲ, ಅದು ಇಲ್ಲದಿದ್ದರೆ ಗೋಳಿಬಜೆ ಆಗುದು ಹೇಗೆ ಮಾರಾಯ್ರೆ?"

ಸಪ್ಲೈಯರ್ ಸುಳ್ಳು ಹೇಳಲಿಲ್ಲ. ಕನ್ನಡದಲ್ಲಿ ಹಾಲು ಬೇರೆ, ಮೊಸರು ಬೇರೆ, ತುಪ್ಪ ಅಂತೂ ಬೇರೆಯೇ. 'ಹಾಲಿನ ಪದಾರ್ಥ' ಎಂಬ ಮಾತು ಪುಸ್ತಕದ್ದು, ಅಡುಗೆಮನೆಯದ್ದಲ್ಲ. ಆದ್ದರಿಂದ ಹಾಲು, ಮೊಸರು, ಮಜ್ಜಿಗೆ, ಬೆಣ್ಣೆ, ತುಪ್ಪ ಎಂದು ಐದನ್ನೂ ಒಂದೊಂದಾಗಿ ಹೆಸರು ಹೇಳಿ ಕೇಳಬೇಕು. ಕೇಳಿದಷ್ಟೂ ಒಳಗುಟ್ಟು ಹೊರಗೆ ಬರುತ್ತದೆ. ಬಾಳೆಹಣ್ಣಿನ ಬನ್ಸ್‌ನಲ್ಲಿ ಮೊಸರು. ಮಸಾಲೆದೋಸೆಯ ಕಾವಲಿಗೆ ಬೆಣ್ಣೆಯೋ ತುಪ್ಪವೋ. ಶೀರಾದ ಸುದ್ದಿಯೇ ಬೇಡ. ಉಪ್ಪಿಟ್ಟಿಗೆ ಕೊನೆಯಲ್ಲಿ ಒಂದು ಚಮಚ ತುಪ್ಪ ಬಿಡುವವರಿದ್ದಾರೆ, ಸಾರಿನ ಒಗ್ಗರಣೆಯನ್ನು ತುಪ್ಪದಲ್ಲೇ ಕೊಡುವವರೂ ಇದ್ದಾರೆ. ಗಡ್‌ಬಡ್ ಐಸ್‌ಕ್ರೀಮಿನ ಗ್ಲಾಸು ಪಕ್ಕದ ಮೇಜಿಗೆ ಹೋಗುವಾಗ ಹುಡುಗ ಗೋಡೆಯ ಕಡೆ ತಿರುಗಿ ಕೂರುವುದು ಒಳ್ಳೆಯದು.

ಪೊಟ್ಟಣದ ಮೇಲಿನ ಹಸಿರು ಚುಕ್ಕೆಯನ್ನು ನಂಬಿ ಕೂತರೂ ಕಷ್ಟ. ಆ ಚುಕ್ಕೆ ಸಸ್ಯಾಹಾರದ್ದು, ಅದರೊಳಗೆ ಹಾಲಿಗೆ ಜಾಗವಿದೆ. ಹಾಲೂ ಇಲ್ಲದ್ದಕ್ಕೆಂದು ಹಸಿರು ಚೌಕದೊಳಗೆ ಇಂಗ್ಲಿಷಿನ ವಿ ಅಕ್ಷರವಿರುವ ಬೇರೆ ಗುರುತನ್ನು ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರ 2021ರಲ್ಲಿ ಹೊರತಂದಿತು, 2022ರಲ್ಲಿ ನಿಯಮವೂ ಬಂತು. ಆದರೆ ಆ ಗುರುತಿನ ಬಿಸ್ಕತ್ತು, ಚಾಕಲೇಟುಗಳ ಬೆಲೆ ನೋಡಿದರೆ ಬಡ ಪ್ರವಾಸಿ ಅದನ್ನು ಕಪಾಟಿನಲ್ಲೇ ಬಿಟ್ಟುಬರುತ್ತಾನೆ.

ಹಾಲಿನ ಲೆಕ್ಕವನ್ನು ತಿಥಿವಾರ ಇಟ್ಟುಕೊಂಡ ಊರು ಉಡುಪಿ ಎಂಬುದು ಇಲ್ಲಿನ ತಮಾಷೆ. ಆಷಾಢದ ಏಕಾದಶಿಯಿಂದ ಕಾರ್ತಿಕದ ವರೆಗಿನ ಚಾತುರ್ಮಾಸ್ಯದಲ್ಲಿ ಮಾಧ್ವರು ಮೊದಲ ತಿಂಗಳು ತರಕಾರಿ-ಸೊಪ್ಪು, ಎರಡನೆಯ ತಿಂಗಳು ಮೊಸರು, ಮೂರನೆಯ ತಿಂಗಳು ಹಾಲು, ನಾಲ್ಕನೆಯ ತಿಂಗಳು ಬೇಳೆಕಾಳು ಬಿಡುತ್ತಾರೆ. ಶಾಕವ್ರತ, ದಧಿವ್ರತ, ಕ್ಷೀರವ್ರತ, ದ್ವಿದಳವ್ರತ ಎಂದು ಹೆಸರು. ಹಾಲಿಲ್ಲದೆ ಪಾಯಸ ಮಾಡುವುದು ಹೇಗೆಂದು ಇಲ್ಲಿನ ಅಡಿಗೆಭಟ್ಟರಿಗೆ ಯಾರೂ ಕಲಿಸಬೇಕಾಗಿಲ್ಲ. ಹಾಗೆಂದು ಪ್ರವಾಸಿ ಆ ತಿಂಗಳನ್ನೇ ಹುಡುಕಿಕೊಂಡು ಬಂದರೂ ಪೂರ್ತಿ ನಿಶ್ಚಿಂತೆಯಿಲ್ಲ. ಮೊಸರು ಬಿಟ್ಟಾಗ ಹಾಲುಂಟು, ಹಾಲು ಬಿಟ್ಟಾಗ ಮೊಸರುಂಟು, ತುಪ್ಪಕ್ಕೆ ಯಾವ ತಿಂಗಳೂ ರಜೆಯಿಲ್ಲ. ಆದರೂ 'ವ್ರತ' ಎಂಬ ಮಾತಿಗೆ ಇಲ್ಲಿ ತೂಕವಿದೆ. ವೀಗನ್ ಎಂದರೆ ಕಣ್ಣು ಪಿಳುಕಿಸುವ ಸಪ್ಲೈಯರ್, "ನಮಗೆ ಹಾಲು ಮೊಸರು ತುಪ್ಪ ಯಾವುದೂ ನಡೆಯುವುದಿಲ್ಲ" ಎಂದರೆ ಒಳಗೆ ಹೋಗಿ ಕೇಳಿಕೊಂಡು ಬರುತ್ತಾನೆ. ಮಗುವಿಗೆ ಅಲರ್ಜಿ ಇದ್ದರೆ ಮಾತ್ರ ಅದನ್ನು ಅಲರ್ಜಿ ಎಂದೇ ಹೇಳಬೇಕು. ವ್ರತಕ್ಕೆ ಒಂದು ತೊಟ್ಟು ತಪ್ಪಿದರೆ ಪ್ರಾಯಶ್ಚಿತ್ತವುಂಟು, ಮಗುವಿನ ಉಸಿರಿಗೆ ಇಲ್ಲ.

ಕೃಷ್ಣಮಠದ ಊಟಕ್ಕೆ ದುಡ್ಡಿಲ್ಲ. ಸಾಲಿನಲ್ಲಿ ನಿಂತು, ಪಂಕ್ತಿಯಲ್ಲಿ ಕೂತು, ಬಡಿಸಿದ್ದನ್ನು ಉಂಡು ಏಳುವುದು. ಅನ್ನ, ಸಾರು, ಹುಳಿ, ಪಾಯಸ, ಕಡೆಗೆ ಮಜ್ಜಿಗೆ. ಪಾಯಸ ಹಾಲಿನದೋ ಬೆಲ್ಲ-ಕಾಯಿಹಾಲಿನದೋ ಎಂಬುದು ಆ ದಿನದ ಮಾತು, ಬಡಿಸುವವರನ್ನು ಕೇಳದೆ ಗೊತ್ತಾಗದು. ಮಜ್ಜಿಗೆ ಬರುವ ಮೊದಲು ಎಲೆಯ ಮೇಲೆ ಕೈ ಅಡ್ಡ ಹಿಡಿದರೆ ಬಡಿಸುವವರು ಮುಂದೆ ಹೋಗುತ್ತಾರೆ. ಆದರೆ ಪಂಕ್ತಿಯ ಅವಸರದಲ್ಲಿ ಒಗ್ಗರಣೆ ಯಾವುದರದ್ದು ಎಂದು ವಿಚಾರಿಸಲು ಬಿಡುವಿರುವುದಿಲ್ಲ. ತತ್ವದವರು ಸ್ವಲ್ಪ ಹೊಂದಿಸಿಕೊಂಡು ಉಣ್ಣಬಹುದು. ಅಲರ್ಜಿಯ ಹುಡುಗನನ್ನು ಅಲ್ಲಿ ಕೂರಿಸುವುದು ಬೇಡ.

ಹಾಗಾದರೆ ಅವನಿಗೆ ಏನು ಸಿಕ್ಕಿತು? ಸಂಜೆ ಕಟಪಾಡಿಯಲ್ಲಿ ಬಸ್ಸು ಬದಲಿಸಿ, ಶಂಕರಪುರದ ಮಲ್ಲಿಗೆ ಹಿತ್ತಿಲುಗಳನ್ನು ದಾಟಿ ಇನ್ನಂಜೆಗೆ ಮರಳಿದಾಗ ದೊಡ್ಡಮ್ಮ ಮೂಡೆ ಬೇಯಿಸಿದ್ದಳು. (ಮದುವೆಯ ದಿನಗಳಲ್ಲಿ ಶಂಕರಪುರದ ಒಂದು ಅಟ್ಟಿ ಮಲ್ಲಿಗೆಗೆ ಕೊಡುವ ದುಡ್ಡಿನಲ್ಲಿ ಇಬ್ಬರು ನಾಲ್ಕು ದಿನ ಉಣ್ಣಬಹುದು!) ಕೇದಗೆಯ ಎಲೆಯ ಕೊಳವೆಯೊಳಗೆ ಅಕ್ಕಿ-ಉದ್ದಿನ ಹಿಟ್ಟು ಹೊಯ್ದು ಹಬೆಯಲ್ಲಿ ಬೇಯಿಸುವ ಮೂಡೆ. ಜೊತೆಗೆ ಬೆಲ್ಲ ಹಾಕಿದ ಕಾಯಿಹಾಲು. ಹುಡುಗ ಲೋಟದೊಳಗಿನ ಬಿಳಿಯನ್ನು ನೋಡಿ ಹಿಂದೆ ಸರಿದ. "ಹಾಲಲ್ಲ ಮಗಾ, ತೆಂಗಿನಕಾಯಿದು" ಎಂದು ಅರ್ಥ ಮಾಡಿಸಲು ದೊಡ್ಡಮ್ಮನಿಗೆ ಐದು ನಿಮಿಷ ಹಿಡಿಯಿತು. ಕನ್ನಡದ ಹಾಲು ಆತನನ್ನು ಇಲ್ಲಿ ತಿರುಗಿ ಮೋಸಮಾಡಿತು: ಕಾಯಿಹಾಲು, ಕಬ್ಬಿನ ಹಾಲು ಎರಡಕ್ಕೂ ಹಸುವಿನ ಸಂಬಂಧವಿಲ್ಲ. ಅಕ್ಕಿ, ಕಾಯಿ, ಬೆಲ್ಲದ ಹಾಲುಬಾಯಿಗೂ ಇಲ್ಲ. ತಟ್ಟೆಗೆ ಸವರುವ ತುಪ್ಪದ ಬದಲು ಕೊಬ್ಬರಿ ಎಣ್ಣೆ ಹಚ್ಚಿದರಾಯಿತು.

ಉಡುಪಿಯಿಂದ ಹೊರಗೆ ಹೋಗಿ ಹೆಸರು ಮಾಡಿದ ಅಡುಗೆ ಒಂದು, ಮನೆಯಲ್ಲೇ ಉಳಿದದ್ದು ಇನ್ನೊಂದು. ಉಳಿದದ್ದರಲ್ಲಿ ಹಾಲಿಗೆ ದೊಡ್ಡ ಪಾತ್ರವಿಲ್ಲ. ಕಾರಣ ತತ್ವವಲ್ಲ, ಕೊಟ್ಟಿಗೆ. ಇಲ್ಲಿನ ಮಲೆನಾಡು ಗಿಡ್ಡ ದನ ದಿನಕ್ಕೆ ಒಂದೆರಡು ಲೀಟರಿಗಿಂತ ಹೆಚ್ಚು ಹಾಲು ಕೊಡುವುದು ಅಪರೂಪ. ಹಿತ್ತಿಲಿನಲ್ಲಿ ಮಾತ್ರ ತೆಂಗು ಇದ್ದೇ ಇತ್ತು. ಅರೆಯುವುದಕ್ಕೂ ಕಾಯಿ, ಹುರಿಯುವುದಕ್ಕೂ ಕಾಯಿಯ ಎಣ್ಣೆ, ಸಿಹಿಗೂ ಕಾಯಿಯ ಹಾಲು. ಪುಂಡಿ, ಸೇಮಿಗೆ, ಹಲಸಿನೆಲೆಯ ಕೊಟ್ಟೆಕಡುಬು, ಮಳೆಗಾಲದ ಪತ್ರೊಡೆ, ನಾಗರಪಂಚಮಿಯ ಅರಸಿನೆಲೆ ಗಟ್ಟಿ, ಯಾವುದಕ್ಕೂ ಹಸುವನ್ನು ಕೇಳಬೇಕಾಗಿಲ್ಲ. ಹತ್ತಿರದ ಮಟ್ಟುವಿನಲ್ಲಿ ಬೆಳೆಯುವ, 2011ರಲ್ಲಿ ಭೌಗೋಳಿಕ ಗುರುತು ಪಡೆದ ಮಟ್ಟುಗುಳ್ಳದ ಹುಳಿಗೆ ಬೇಕಾದದ್ದೂ ಕಾಯಿ ಅರೆದ ಮಸಾಲೆಯೇ.

ನೆಂಟರ ಮನೆಯಿಲ್ಲದವರು ಇವನ್ನು ಹುಡುಕಬೇಕಾದದ್ದು ದೊಡ್ಡ ಬೋರ್ಡುಗಳ ಕೆಳಗಲ್ಲ. ಬಸ್‌ಸ್ಟ್ಯಾಂಡಿನ ಪಕ್ಕದ ಚಿಕ್ಕ ಹೋಟೆಲುಗಳಲ್ಲಿ ಬೆಳಗ್ಗೆ ಕಾಯಿತುರಿ ಬೆರೆಸಿದ ಬಜಿಲ್, ಅಂದರೆ ಅವಲಕ್ಕಿ, ಸಿಗುತ್ತದೆ. ಮಧ್ಯಾಹ್ನ ಕುಚ್ಚಲಕ್ಕಿ ಗಂಜಿ, ಚಟ್ನಿ, ಉಪ್ಪಿನಕಾಯಿ ಕೊಡುವ ಕಡೆಗಳೂ ಇವೆ. ಇಡೀ ಪೇಟೆಯಲ್ಲಿ ಅದಕ್ಕಿಂತ ಅಗ್ಗದ ಊಟ ಹುಡುಕುವುದು ಕಷ್ಟ. ನೀರುದೋಸೆಗೆ ಅಕ್ಕಿ, ನೀರು, ಉಪ್ಪು ಬಿಟ್ಟರೆ ಬೇರೇನೂ ಬೇಡ. ಆದರೆ ಅದು ಹೆಚ್ಚಾಗಿ ಸಿಗುವುದು ಮೀನಿನ ಹೋಟೆಲುಗಳಲ್ಲಿ! ಹಾಲು ಬಿಟ್ಟವರು ಹಾಲಿಲ್ಲದ ದೋಸೆಗಾಗಿ ಬಂಗುಡೆ ಕಾಯುವ ವಾಸನೆಯಲ್ಲಿ ಕೂರಬೇಕೇ ಎಂಬುದನ್ನು ಅವರವರೇ ತೀರ್ಮಾನಿಸಬೇಕು. ಕುಡಿಯಲು ಬೊಂಡ, ಪುನರ್ಪುಳಿ ಶರಬತ್ತು. ಕೊತ್ತಂಬರಿ-ಜೀರಿಗೆ ಕಷಾಯ ಸಿಕ್ಕರೂ ಸೈ, ಹಾಲು ಬೆರೆಸುವ ಮೊದಲೇ ಕೂಗಿ ಹೇಳಿದರೆ. ಹೇಳುವಾಗ ತುಳುವಿನಲ್ಲಿ "ನೆಯಿ ಬೊಡ್ಚಿ, ಪೇರ್ ಬೊಡ್ಚಿ" ಎನ್ನಲು ಬಂದರೆ ಕೆಲಸ ಅರ್ಧ ಆದಂತೆ.

ಮೂರನೆಯ ದಿನ ಬೆಳಗ್ಗೆ ಇನ್ನಂಜೆಯ ನಿಲ್ದಾಣಕ್ಕೆ ಹೊರಟಾಗ ದೊಡ್ಡಮ್ಮ ಆರು ಮೂಡೆಗಳನ್ನು ಎಲೆ ಬಿಚ್ಚದೆ ಹಾಗೆಯೇ ಕಟ್ಟಿಕೊಟ್ಟಳು. ಕಾಯಿಹಾಲು ದಾರಿಯಲ್ಲಿ ಹುಳಿಯುತ್ತದೆಂದು ಬೇರೆ ಪೊಟ್ಟಣದಲ್ಲಿ ಬೆಲ್ಲದ ಪುಡಿ. ಸುರತ್ಕಲ್ ಬರುವ ಮೊದಲೇ ಹುಡುಗ ಎರಡು ಮೂಡೆ ಮುಗಿಸಿ ಮೂರನೆಯದರ ಎಲೆ ಬಿಡಿಸುತ್ತಿದ್ದ.