ಸೇಲ್ಸ್‌ಗೆ ಹೋಗುವ ಮುನ್ನ ಒಂದು ಲೆಕ್ಕ

'ಬಿಇ ಮಾಡಿ ಸೇಲ್ಸ್‌ಗೆ ಹೋಗ್ತೀಯಾ?' ಎಂದು ಕೇಳುವವರಿಗೆ ಉತ್ತರ ಬೇಕಾಗಿರುವುದಿಲ್ಲ, ಕೇಳುವ ಧಾಟಿಯಲ್ಲೇ ತೀರ್ಪು ಇರುತ್ತದೆ. ಕಂಪ್ಯೂಟರ್ ಮುಂದೆ ಕೂತರೆ ಎಂಜಿನಿಯರ್, ಬ್ಯಾಗ್ ಹೊತ್ತು ಬೈಕಿನಲ್ಲಿ ತಿರುಗಿದರೆ ಬೇರೆ ಕೆಲಸ ಸಿಗದವನು ಎಂಬ ನಂಬಿಕೆ ನಮ್ಮ ಮನೆಗಳಲ್ಲಿ ಗಟ್ಟಿಯಾಗಿ ಕೂತಿದೆ.

ಮೆಕ್ಯಾನಿಕಲ್ ಓದಿರುವ ನನ್ನ ಅಕ್ಕ ಪೀಣ್ಯದ ಕಾರ್ಖಾನೆಯೊಂದರ ಕ್ವಾಲಿಟಿ ವಿಭಾಗದಲ್ಲಿ ಎರಡು ವರ್ಷದಿಂದ ಇದ್ದಾಳೆ. ಈಗ ಬೇರಿಂಗ್ ಮಾರುವ ಕಂಪನಿಯೊಂದು ಸೇಲ್ಸ್‌ಗೆ ಕರೆದಿದೆ. 'ಮದುವೆ ಆಗಬೇಕಾದ ಹುಡುಗಿ ಊರೂರು ತಿರುಗುವುದಾ?' ಎಂಬುದು ಅಮ್ಮನ ಚಿಂತೆ. ಅಪ್ಪನ ಕಣ್ಣು ಆಫರ್ ಲೆಟರಿನ ದೊಡ್ಡ ಅಂಕಿಯ ಮೇಲೆ. ನನಗೆ ಇಬ್ಬರ ಮಾತೂ ಸರಿ ಎನಿಸುತ್ತಿಲ್ಲ.

ಮೊದಲು ಗೌರವದ ಪ್ರಶ್ನೆ. ರೈತರೊಬ್ಬರು ಪಂಪ್ ಕೊಳ್ಳಲು ಬಂದರೆ ಬೋರ್‌ವೆಲ್ ಎಷ್ಟು ಆಳ, ನೀರು ಎಷ್ಟು ಎತ್ತರಕ್ಕೆ ಹೋಗಬೇಕು, ಗಂಟೆಗೆ ಎಷ್ಟು ಬೇಕು ಎಂದು ಕೇಳಿ ಸರಿಯಾದ ಎಚ್‌ಪಿ ಹೇಳಬೇಕು. ನಾವು ಫ್ಲೂಯಿಡ್ ಮೆಕ್ಯಾನಿಕ್ಸ್‌ನಲ್ಲಿ ಬಾಯಿಪಾಠ ಮಾಡುವ ಹೆಡ್, ಡಿಸ್ಚಾರ್ಜ್ ಅಲ್ಲಿ ಒಬ್ಬರ ಬೆಳೆಯ ಪ್ರಶ್ನೆ. ಇದನ್ನು ತಿಳಿದು ಮಾರುವವರು ಎಂಜಿನಿಯರಲ್ಲದೆ ಇನ್ನೇನು?

ಇನ್ನು ದುಡ್ಡು. ಈಗ ಕೈಗೆ 30,000 ರೂಪಾಯಿ ಬರುತ್ತಿದೆ ಎನ್ನೋಣ. ಹೊಸ ಕೆಲಸದಲ್ಲಿ '45,000ವರೆಗೆ' ಎಂದಿದ್ದಾರೆ. ಈ 'ವರೆಗೆ' ಎಂಬ ಪದವನ್ನು ಬಿಡಿಸಿ ನೋಡಬೇಕು. ಖಚಿತ ಸಂಬಳ 25,000, ಟಾರ್ಗೆಟ್ ಮುಟ್ಟಿದರೆ ಮಾತ್ರ ಇನ್ಸೆಂಟಿವ್ 20,000. ಪೆಟ್ರೋಲಿಗೆ ಕೈಯಿಂದ 4,000 ಹೋದರೆ ಟಾರ್ಗೆಟ್ ಮುಟ್ಟಿದ ತಿಂಗಳು ಉಳಿಯುವುದು 41,000, ಮುಟ್ಟದ ತಿಂಗಳು 21,000. ವರ್ಷದಲ್ಲಿ ಆರು ತಿಂಗಳು ಮುಟ್ಟಿದರೆ ಸರಾಸರಿ 31,000. ಅಂದರೆ ಇಷ್ಟೆಲ್ಲ ಓಡಾಟಕ್ಕೆ ಸಿಗುವುದು ಒಂದು ಸಾವಿರ ಹೆಚ್ಚು. ಶಿಕ್ಷಣ ಸಾಲದ ಕಂತು ಮಾತ್ರ ಟಾರ್ಗೆಟ್ ನೋಡಿ ಬರುವುದಿಲ್ಲ, ಪ್ರತಿ ತಿಂಗಳೂ ಬರುತ್ತದೆ.

ಆದ್ದರಿಂದ ಸಂದರ್ಶನದಲ್ಲಿ ನಾವೂ ಕೇಳಬೇಕು. ಈಗಿರುವ ತಂಡದಲ್ಲಿ ಎಷ್ಟು ಜನ ಟಾರ್ಗೆಟ್ ಮುಟ್ಟುತ್ತಿದ್ದಾರೆ? ಪೆಟ್ರೋಲ್ ಯಾರ ಖರ್ಚು? ಇನ್ಸೆಂಟಿವ್ ಕೊಡುವುದು ಆರ್ಡರ್ ಬಂದಾಗಲೋ, ಗ್ರಾಹಕ ಹಣ ಕೊಟ್ಟ ಮೇಲೋ? ಹಿಂದಿನವರು ಏಕೆ ಬಿಟ್ಟರು? ಉತ್ತರವೆಲ್ಲ ಬರವಣಿಗೆಯಲ್ಲಿರಲಿ. ಔಷಧ ಕಂಪನಿಗಳ ಪ್ರತಿನಿಧಿಗಳಿಗಾಗಿ 1976ರಲ್ಲಿ ಬಂದ ಕಾಯ್ದೆಯೇ ನೇಮಕಾತಿ ಪತ್ರ ಕೊಡಬೇಕು ಎಂದಿತ್ತು. ಬಾಯಿಮಾತಿನ ಭರವಸೆ ಎಷ್ಟು ಬಾಳುತ್ತದೆ ಎಂಬುದು ಆಗಲೇ ಗೊತ್ತಿತ್ತು.

ನಿರ್ಮಾ ಕಟ್ಟಿದ ಕರ್ಸನ್‌ಭಾಯಿ ಪಟೇಲರನ್ನು ನೆನೆಯಿರಿ. 1969ರಲ್ಲಿ ಅಹಮದಾಬಾದಿನಲ್ಲಿ ಸೈಕಲ್ ಮೇಲೆ ಮನೆಮನೆಗೆ ಸೋಪಿನ ಪುಡಿ ಮಾರಲು ಹೊರಟಾಗ ಅವರು ಸರ್ಕಾರಿ ಕೆಲಸ ಬಿಟ್ಟಿರಲಿಲ್ಲ. ಮಾರಾಟ ಕುದುರಿದ ಮೇಲಷ್ಟೇ ಬಿಟ್ಟರು. ಸಾಹಸದ ಕಥೆ ಎಂದು ಹೇಳುವಾಗ ನಾವು ಈ ಭಾಗವನ್ನು ಮರೆಯುತ್ತೇವೆ. ಎಲ್ಲರಿಗೂ ಹಾಗೆ ಎರಡು ದೋಣಿ ಸಾಧ್ಯವಿಲ್ಲ. ಆದರೆ ಎರಡು ದಿನ ರಜೆ ಹಾಕಿ ಪರಿಚಯದ ಸೇಲ್ಸ್‌ನವರ ಜೊತೆ ಸುತ್ತಿ ಬರಬಹುದು. ಹತ್ತು ಕಡೆ 'ಬೇಡ' ಕೇಳಿ, ಹನ್ನೊಂದನೇ ಕಡೆಗೆ ಅದೇ ಮುಖದಲ್ಲಿ ಹೋಗಲು ಆಗುತ್ತದೆಯೇ ಎಂಬುದು ಅಲ್ಲಿ ತಿಳಿಯುತ್ತದೆ.

ಬಾಸ್ ಕಿರಿಕಿರಿ ಎಂಬ ಒಂದೇ ಕಾರಣಕ್ಕೆ ಹೊರಟರೆ, ಸೇಲ್ಸ್‌ನಲ್ಲೂ ಬಾಸ್ ಇರುತ್ತಾರೆ, ಜೊತೆಗೆ ಗ್ರಾಹಕರೂ ಇರುತ್ತಾರೆ. ಜನರೊಡನೆ ಮಾತನಾಡುವುದು ಇಷ್ಟ, ಲೆಕ್ಕ ಕೂಡಿದೆ, ಆರು ತಿಂಗಳ ಖರ್ಚು ಕೈಯಲ್ಲಿದೆ ಎಂದರೆ ಹೋಗಲಿ. ಆಗ ಹುಡುಗ, ಹುಡುಗಿ ಎನ್ನದೆ ಮನೆಯವರು ಬೈಕಿನ ಕೀಲಿ ಕೈಗೆ ಕೊಟ್ಟು ಕಳಿಸಲಿ.